ಐಸಿಗೆ ಹಾಕಿದ ಒಂದು ಹಿಡಿ ಉಪ್ಪು

ಮೊಮ್ಮಗಳು ಬರೆದ ದಪ್ಪ ಪುಸ್ತಕ ಈಗ ನನ್ನ ತೊಡೆಯ ಮೇಲೆ ಉಂಟು. ಇಂಗ್ಲಿಷಿನದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟು ಹತ್ತಿದ ನನಗೆ ಅದರಲ್ಲಿ ಓದಲಿಕ್ಕೆ ಬರುವುದು ಪುಟದ ನಂಬರು ಮಾತ್ರ. ಆದರೂ ಕಾಪುವಿನ ನಮ್ಮ ಓಣಿಯಲ್ಲಿ ಹಾದುಹೋಗುವ ಒಬ್ಬರನ್ನೂ ಈ ವಾರ ನಾನು ಸುಮ್ಮನೆ ಬಿಟ್ಟಿಲ್ಲ. ಕರೆದು, ಕೂರಿಸಿ, ನಲವತ್ತನೇ ಪುಟದ ಚಿತ್ರ ತೋರಿಸಿಯೇ ಕಳಿಸಿದ್ದು. ಬೂದು ಬಣ್ಣದ ಮೇಲೆ ಬೆಳ್ಳಗಿನ ಚುಕ್ಕೆಗಳು, ಅಷ್ಟೆ. ನನ್ನ ಒಂದು ಹಿಡಿ ಉಪ್ಪಿನಿಂದಾಗಿ ಆ ಚಿತ್ರ ಇಲ್ಲದೇ ಹೋಗುವುದರಲ್ಲಿತ್ತು.

ಅವಳು ನನ್ನ ಮಗಳ ಮಗಳು. ಮಗಳನ್ನು ಕಾರ್ಕಳಕ್ಕೆ ಕೊಟ್ಟದ್ದು. ಮೊಮ್ಮಗಳು ಕಲಿಯಲು ಮಣಿಪಾಲಕ್ಕೆ ಬಂದಳು, ಹಾಸ್ಟೆಲಿನಲ್ಲಿದ್ದಳು, ಭಾನುವಾರ ಮೀನಿನ ಊಟಕ್ಕೆ ನಮ್ಮಲ್ಲಿಗೆ. ನೀನು ಅಲ್ಲಿ ಎಂತ ಮಾಡುವುದು ಎಂದು ನಾನು ಪ್ರತಿ ಭಾನುವಾರ ಕೇಳುತ್ತಿದ್ದೆ. ಒಂದು ದಿನ ನಾನು ಅಂಗಳದಲ್ಲಿ ಕೂತು ಬೋಟಿನವರ ಹಳೆಯ ಹಗ್ಗ ಹೆಣೆಯುತ್ತಿದ್ದೆ. ಸವೆದು ಲಡ್ಡಾದ ಭಾಗ ಕತ್ತರಿಸಿ ಬಿಸಾಡಿ, ಎರಡೂ ತುದಿಗಳ ಎಳೆ ಬಿಡಿಸಿ, ಒಂದರೊಳಗೆ ಒಂದು ಹೊಗಿಸಿ ಸೇರಿಸುವ ಕೆಲಸ. ಗಂಟು ಹಾಕಿದರೆ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಣೆದರೆ ಹಗ್ಗಕ್ಕೆ ತಾನು ತುಂಡಾಗಿದ್ದೆ ಎನ್ನುವುದೇ ಮರೆತುಹೋಗುತ್ತದೆ.

ಅದನ್ನು ನೋಡಿದವಳು ಅನ್ನದ ಬಟ್ಟಲು ಕೆಳಗಿಟ್ಟಳು. "ಅಜ್ಜ, ಇದೇ. ನಾನು ಕಲಿಯುವುದು ಇದನ್ನೇ."

ಮತ್ತೆ ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ದೊಡ್ಡ ಬರಹ ಉಂಟಂತೆ. ಕೋಶ ಅದರಿಂದ ಕೆಲಸಕ್ಕೆ ಬೇಕಾದ ಒಂದು ತುಂಡಿನ ನಕಲು ತೆಗೆಯುತ್ತದೆ, ಅದು ಆರ್‌ಎನ್‌ಎ. ನಕಲಿನಲ್ಲಿ ನಡುನಡುವೆ ಬೇಡದ ಭಾಗಗಳು ಇರುತ್ತವೆ. ಅವನ್ನು ಕತ್ತರಿಸಿ ಬೇಕಾದ ತುದಿಗಳನ್ನು ಸೇರಿಸದಿದ್ದರೆ ಓದಲಿಕ್ಕಾಗುವುದಿಲ್ಲ. ಒಂದೇ ಒಂದು ಅಕ್ಷರ ಆಚೀಚೆ ಕತ್ತರಿಸಿದರೂ ಮುಂದಿನದ್ದೆಲ್ಲ ಹಾಳು. ಕತ್ತರಿಸಿ ಸೇರಿಸುವವರು ಯಾರೆಂದರೆ ಪ್ರೋಟೀನುಗಳು. ಒಂದೆರಡಲ್ಲ, ನೂರಕ್ಕೂ ಹೆಚ್ಚು, ಜೊತೆಗೆ ಸಣ್ಣ ಸಣ್ಣ ಆರ್‌ಎನ್‌ಎಗಳು. ಕೆಲಸ ಬಂದಾಗ ಎಲ್ಲಿಂದಲೋ ಬಂದು ದಾರದ ಹಾಗಿರುವ ಆ ನಕಲಿನ ಮೇಲೆ ಒಟ್ಟಾಗುತ್ತವೆ. ಒಂದು ಗುಂಪು ಬಂದು ಹಿಡಿಯುತ್ತದೆ, ಇನ್ನೊಂದು ಬರುವಾಗ ಮೊದಲನೆಯದು ಜಾಗ ಬಿಡುತ್ತದೆ. ಕತ್ತರಿಸಿ ಸೇರಿಸಿದ ಮೇಲೆ ಎಲ್ಲ ಚದುರಿ ಹೋಗುತ್ತವೆ.

"ನಮ್ಮ ರಂಪಣಿ ಬಲೆ ಎಳೆದ ಹಾಗಲ್ವಾ ಹಾಗಾದರೆ?" ಎಂದೆ. ನಾನು ಸಣ್ಣವನಿರುವಾಗ ಬಲೆ ಎಳೆಯಲಿಕ್ಕೆ ಇಡೀ ಊರೇ ಕಡಲತೀರಕ್ಕೆ ಇಳಿಯುತ್ತಿತ್ತು, ಮೀನು ಮೇಲೆ ಬಂದ ಕೂಡಲೇ ಅವರವರ ಮನೆಗೆ. ಅವಳು ನನ್ನನ್ನೇ ನೋಡಿ, ನಮಗೆ ಕಲಿಸುವ ಸರ್‌ಗೆ ಇದನ್ನು ಹೇಳಬೇಕು ಎಂದಳು. ನನ್ನ ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. "ಇಷ್ಟು ಓದಿ ಕೊನೆಗೆ ಅಜ್ಜನ ಕೆಲಸವನ್ನೇ ಹಿಡಿದಳು" ಎಂದಳು.

ಮೊಮ್ಮಗಳಿಗೆ ಬೇಕಾದದ್ದು ಆ ಪ್ರೋಟೀನುಗಳ ಗುಂಪು ಚದುರುವ ಮೊದಲು ಅದನ್ನು ಹಿಡಿದು, ಅದರ ಆಕಾರ ಹೇಗುಂಟು ಎಂದು ನೋಡುವುದು. ಎಂಟು ತಿಂಗಳು ಅದಕ್ಕೇ ಹೋಯಿತು. ನೋಡುವ ಯಂತ್ರ ದೂರದ ಊರಿನಲ್ಲಿ. ರೈಲಿನಲ್ಲಿ ಒಂದು ರಾತ್ರಿಯ ದಾರಿ. ಅಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ದಿನ.

ಹೊರಡುವ ದಿನ ಬೆಳಿಗ್ಗೆ ನೆರೆಮನೆಯ ಫೋನಿಗೆ ಅವಳ ಕರೆ ಬಂತು. ಅಕ್ಟೋಬರ್ ತಿಂಗಳ ಸಿಡಿಲು ಮಳೆಗೆ ಅವರ ಕಡೆ ಕರೆಂಟು ಹೋಗಿ ಐಸ್ ಮಾಡುವ ಮಶೀನು ನಿಂತಿತ್ತು.

"ಅಜ್ಜ, ಮಧ್ಯಾಹ್ನದ ರೈಲಿಗೆ ಐಸ್ ಬೇಕು. ಉಡುಪಿ ಸ್ಟೇಶನ್ನಿಗೆ ತರ್ತೀರಾ?"

"ಮೀನು ಎಷ್ಟುಂಟು?"

"ಮೀನಲ್ಲ ಮಾರಾಯ್ರೆ, ನಾನು ಹಿಡಿದ ಆ ಗುಂಪು. ಮೂರು ಟ್ಯೂಬು. ಕಿರುಬೆರಳಿನಷ್ಟು."

ಮಲ್ಪೆಯಿಂದ ಐಸ್ ಲಾರಿ ನಮ್ಮ ಮೀನು ಮಾರುವ ಹೆಂಗಸರಿಗಾಗಿ ದಿನಾ ಬರುತ್ತದೆ. ಒಳ್ಳೆಯ ಗಟ್ಟಿ ಐಸ್ ನೋಡಿ ತಂದೆ, ಗೋಣಿಯಲ್ಲಿಟ್ಟು ಕುಟ್ಟಿದೆ, ಥರ್ಮೊಕೋಲ್ ಪೆಟ್ಟಿಗೆಗೆ ತುಂಬಿಸಿದೆ. ಬೋಟಿನಲ್ಲಿ ಇಪ್ಪತ್ತೈದು ವರ್ಷ ಇದನ್ನೇ ಮಾಡಿದ ಕೈ, ತನ್ನಷ್ಟಕ್ಕೇ ಉಪ್ಪಿನ ಡಬ್ಬಕ್ಕೆ ಹೋಯಿತು. ಒಂದು ಹಿಡಿ ಕಲ್ಲುಪ್ಪು ಹಾಕಿ ಕಲಸಿದೆ. ಉಪ್ಪು ಬಿದ್ದರೆ ಐಸಿನ ಚಳಿ ಇನ್ನೂ ಏರುತ್ತದೆ, ಬಂಗುಡೆ ಮೀನು ಕಲ್ಲಿನ ಹಾಗೆ ನಿಲ್ಲುತ್ತದೆ. ಮೊಮ್ಮಗಳ ಸಾಮಾನಿಗೆ ಕಡಿಮೆ ಮಾಡಲಿಕ್ಕುಂಟಾ?

ಬಸ್ಸು ತಡವಾಗಿ, ನಾನು ಸ್ಟೇಶನ್ ಮುಟ್ಟುವಾಗ ರೈಲು ಬಂದು ನಿಂತಿತ್ತು. ಅವಳು ಬಾಗಿಲಲ್ಲೇ ಪೆಟ್ಟಿಗೆ ತೆಗೆದುಕೊಂಡು, ಟ್ಯೂಬುಗಳನ್ನು ಐಸಿನಲ್ಲಿ ಹುಗಿದು, ಮುಚ್ಚಳ ಹಾಕಿ ಕಿಟಕಿಯ ಹತ್ತಿರ ಕೂತಳು. ರೈಲು ಹೊರಟಿತು. ನಾನು ಜೊತೆಗೇ ನಡೆಯುತ್ತಾ, ಹೆದರಬೇಡ ಮಗಾ, ಉಪ್ಪು ಹಾಕಿದ್ದೇನೆ, ಗಟ್ಟಿಯಾಗಿ ನಿಲ್ಲುತ್ತದೆ ಎಂದು ಹೇಳಿದೆ.

ಅವಳ ಮುಖ ಬಿಳಿಚಿಕೊಂಡಿತು. "ಅಜ್ಜ, ತಣ್ಣಗಿರಬೇಕು, ಗಟ್ಟಿಯಾಗಬಾರದು. ಗಟ್ಟಿಯಾದರೆ ಎಲ್ಲ ಬಿಟ್ಟುಹೋಗ್ತದೆ."

ರೈಲು ಹೋಯಿತು. ನಾನು ಪ್ಲಾಟ್‌ಫಾರಮ್ಮಿನಲ್ಲಿ ನಿಂತೇ ಇದ್ದೆ. ಎಂಟು ತಿಂಗಳು. ಅಷ್ಟು ಜನ ಸೇರಿ ಹಿಡಿದ ಬಲೆಯನ್ನು ನಾನೊಬ್ಬನೇ ಕೊಯ್ದು ಬಿಟ್ಟೆನಲ್ಲ ಎಂದೆನಿಸಿತು.

ಅವಳಲ್ಲಿ ಆಗ ಮೊಬೈಲ್ ಇರಲಿಲ್ಲ. ಆ ಸಂಜೆಯ ಸಿಡಿಲಿಗೆ ನೆರೆಮನೆಯ ಫೋನೂ ಸತ್ತಿತು. ಇನ್ನು ಅವಳು ಫೋನು ಮಾಡುವುದಿದ್ದರೆ ಕಾರ್ಕಳಕ್ಕೇ, ತಾಯಿಗೆ. ಮರುದಿನ ಬೆಳಗಾದ ಕೂಡಲೇ ಪಡುಬಿದ್ರಿಗೆ ಹೋಗಿ ಕಾರ್ಕಳದ ಬಸ್ಸು ಹಿಡಿದೆ. ಮಗಳು ನನ್ನನ್ನು ಕಂಡು ಅಮ್ಮನಿಗೆ ಏನಾದರೂ ಆಯಿತೋ ಎಂದು ಗಾಬರಿಯಾದಳು. ಇಲ್ಲ, ಸುಮ್ಮನೆ ಬಂದೆ ಎಂದೆ. ಉಪ್ಪಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಊಟಕ್ಕೆ ಕೂತವನು ಸಾರಿಗೆ ಉಪ್ಪು ಸಾಕಾ ಎಂದು ಅವಳು ಕೇಳಿದಾಗ ಎದ್ದುಬಿಟ್ಟೆ.

ಸುಮ್ಮನೆ ಕೂರಲಾಗದೆ ಅವರ ಬಾವಿಯ ಹಗ್ಗ ನೋಡಿದೆ. ಮಧ್ಯದಲ್ಲಿ ಸವೆದಿತ್ತು. ಕತ್ತರಿಸಿ ಹೆಣೆಯಲು ಕೂತೆ. ಸಾವಿರ ಸಲ ಮಾಡಿದ ಕೆಲಸ. ಆದರೆ ಅವತ್ತು ಒಂದು ಎಳೆ ತಪ್ಪಿ ಹೊಗಿಸಿದೆ. ಮೂರು ಸುತ್ತು ಹೋದ ಮೇಲೆ ಗೊತ್ತಾಯಿತು, ಇಡೀ ಹೆಣಿಗೆ ಓರೆಯಾಗಿತ್ತು. ಬಿಚ್ಚಿ ಮೊದಲಿನಿಂದ ಶುರು ಮಾಡಿದೆ. ಹಗ್ಗವನ್ನಾದರೆ ಬಿಚ್ಚಬಹುದು. ಟ್ಯೂಬಿನೊಳಗಿನದ್ದನ್ನು ಮತ್ತೆ ಸೇರಿಸುವವರು ಯಾರು? ಫೋನು ಎರಡು ಸಲ ಬಡಿಯಿತು, ಎರಡು ಸಲವೂ ಅಳಿಯನಿಗೆ.

ಸಂಜೆಯ ಚಹಾದ ಹೊತ್ತಿಗೆ ಮೂರನೇ ಸಲ ಬಡಿದಾಗ ಮಗಳು ಫೋನು ಎತ್ತಿ, ಅಜ್ಜ ಇಲ್ಲೇ ಇದ್ದಾರೆ ಎಂದು ನನ್ನ ಕೈಗೆ ಕೊಟ್ಟಳು. ನಾನು ಹಲೋ ಎನ್ನುವ ಬದಲು ಬಿಟ್ಟುಹೋಯಿತಾ ಎಂದು ಕೇಳಿದೆ.

"ಇಲ್ಲ ಅಜ್ಜ. ಹಿಡಿದುಕೊಂಡೇ ಉಂಟು. ಚಿತ್ರ ಬಂತು."

ಆಮೇಲೆ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ರೈಲು ಹೊರಟ ಕೂಡಲೇ ಟ್ಯೂಬುಗಳನ್ನು ಹೊರಗೆ ತೆಗೆದು ಒದ್ದೆ ಕರವಸ್ತ್ರದಲ್ಲಿ ಸುತ್ತಿದಳಂತೆ. ಅವಳು ಮೊದಲೇ ಅದಕ್ಕೆ ಗ್ಲಿಸರಿನ್ ಸೇರಿಸಿದ್ದರಿಂದ ಆ ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿರಲಿಲ್ಲ. ಅದೇ ಬೋಗಿಯ ಬಾಗಿಲ ಬಳಿ ಒಬ್ಬಳು ಮೀನಿನ ಹೆಂಗಸು ಬುಟ್ಟಿ ಇಟ್ಟು ಕೂತಿದ್ದಳು. ಅವಳ ಹತ್ತಿರ ಉಪ್ಪಿಲ್ಲದ ಐಸ್ ಉಂಟಾ ಎಂದು ಕೇಳಿದ್ದಕ್ಕೆ, "ಉಪ್ಪು ಹಾಕಿ ಕೊಟ್ಟ ಆ ಬೃಹಸ್ಪತಿ ಯಾರು?" ಎಂದಳಂತೆ.

"ನೀನು ಎಂತ ಹೇಳಿದೆ?"

"ನಮ್ಮ ಅಜ್ಜ ಅಂದೆ. ಅಜ್ಜ ಅಂದಮೇಲೆ ಬೈಯಲಿಲ್ಲ. ಪೆಟ್ಟಿಗೆ ತೊಳೆಸಿ, ಅರ್ಧ ಬುಟ್ಟಿ ಐಸ್ ಕೊಟ್ಟರು."

ಫೋನು ಇಟ್ಟು ಮಗಳಿಗೆ ಉಪ್ಪಿನ ಕತೆ ಎಲ್ಲ ಹೇಳಿದೆ. ಮಧ್ಯಾಹ್ನದ ಸಾರು ಬಿಸಿ ಮಾಡಿಸಿ ಎರಡು ಸಲ ಅನ್ನ ಹಾಕಿಸಿಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಮೆಣಸಿನ ಖಾರಕ್ಕೆ ಎಂದು ಅವಳು ತಿಳಿದುಕೊಳ್ಳಲಿ ಎಂದು ಕೆಮ್ಮಿದೆ.

ಆ ಚಿತ್ರವೇ ನಲವತ್ತನೇ ಪುಟದಲ್ಲಿ ಇರುವುದು. ಒಂದೊಂದು ಚುಕ್ಕೆಯೂ ಒಂದು ಗುಂಪು, ಎಲ್ಲರೂ ಇನ್ನೂ ದಾರ ಬಿಡದೆ ನಿಂತಿರುವಾಗ ತೆಗೆದದ್ದು. ಪುಸ್ತಕದ ಶುರುವಿನಲ್ಲಿ ಧನ್ಯವಾದ ಹೇಳುವ ಪುಟ ಉಂಟು. ಅದರ ಕೊನೆಯ ಸಾಲನ್ನು ಅವಳೇ ನನಗೆ ಕನ್ನಡ ಮಾಡಿ ಓದಿದಳು: ಐಸ್ ತಂದುಕೊಟ್ಟ ಅಜ್ಜನಿಗೆ, ಮತ್ತು ಅದನ್ನು ಬದಲಿಸಿಕೊಟ್ಟ, ಹೆಸರು ಕೇಳಲು ನಾನು ಮರೆತ ಮೀನಿನ ಅಮ್ಮನಿಗೆ. ಉಪ್ಪನ್ನು ಯಾಕೆ ಬಿಟ್ಟೆ ಎಂದು ಕೇಳಿದೆ.

"ಬೇಡದ ಭಾಗ ಅಲ್ವಾ ಅಜ್ಜ, ಕತ್ತರಿಸಿ ಸೇರಿಸಿದೆ" ಎಂದಳು.