ಬೆರಳುದ್ದದ ಬೆಂಕಿ

ಟಪ್ ಎಂದು ಒಂದು ಸದ್ದು, ಬಿಸಿ ಎಣ್ಣೆಯಲ್ಲಿ ಮೊದಲ ಸಾಸಿವೆ ಸಿಡಿದ ಹಾಗೆ. ಅದರ ಬೆನ್ನಿಗೇ ಉದ್ದನೆಯ ಒಂದು ಬುಸುಗುಟ್ಟುವಿಕೆ. ಯಂತ್ರಗಳ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲವೇನೋ. ರತ್ನಾಳ ಕೈ ಮಾತ್ರ ತಾನಾಗಿಯೇ ಕೆಂಪು ಗುಂಡಿಯ ಮೇಲೆ ಬಿತ್ತು. ಬೆಲ್ಟು ನಿಂತಿತು. ಪ್ಲಾಸ್ಟಿಕ್ ಕಸದ ರಾಶಿಯಿಂದ ಬಿಳಿಯ ಹೊಗೆ ನೂಲಿನಂತೆ ಎದ್ದು, ರೆಪ್ಪೆ ಬಡಿಯುವಷ್ಟರಲ್ಲಿ ಕಿತ್ತಳೆ ಬಣ್ಣದ ನಾಲಗೆಯಾಯಿತು. ಬೆಲ್ಟಿನ ಹಿರಿಯರಾದ ಮೋರಿತಾ ಸಾನ್ ಓಡಲಿಲ್ಲ. ಉದ್ದನೆಯ ಇಕ್ಕಳ ಹಿಡಿದು ನಡೆದೇ ಬಂದರು, ಉರಿಯುತ್ತಿದ್ದುದನ್ನು ಎತ್ತಿ ನೀರಿನ ಡ್ರಮ್ಮಿಗೆ ಹಾಕಿದರು. ನೀರಿನೊಳಗೂ ಅದು ಸ್ವಲ್ಪ ಹೊತ್ತು ಕೆಂಪಗೆ ಉಸಿರಾಡಿತು.

ಅದೊಂದು ಇ-ಸಿಗರೇಟು. ಯಾರೋ ಸೇದಿ, ಕೆಟ್ಟಿತೆಂದು ಪ್ಲಾಸ್ಟಿಕ್ ಕಸದ ಜೊತೆ ಎಸೆದದ್ದು. ಉದ್ದ ಒಂದು ಬೆರಳಿನಷ್ಟು.

ಟೋಕಿಯೋ ಪಕ್ಕದ ಗ್ಯೋಟೋಕುವಿನಾಚೆ, ಕಡಲ ಕಡೆಯ ಗೋದಾಮುಗಳ ನಡುವಿನ ಆ ಕಸ ವಿಂಗಡಣೆಯ ಕೇಂದ್ರಕ್ಕೆ ರತ್ನಾ ಸೇರಿ ಎರಡು ವರ್ಷವಾಗಿತ್ತು. ಮೈಸೂರಿನಲ್ಲಿ ಹೈಸ್ಕೂಲಿನ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು. ಗಂಡ ಪದ್ಮನಾಭನನ್ನು ಕಂಪನಿ ಟೋಕಿಯೋಗೆ ಕಳಿಸಿದಾಗ ಜೊತೆಗೆ ಬಂದಳು. ಅವಳ ವೀಸಾದಲ್ಲಿ ವಾರಕ್ಕೆ ಇಪ್ಪತ್ತೆಂಟು ಗಂಟೆ ಮಾತ್ರ ದುಡಿಯಬಹುದು. ಅರೆಬರೆ ಜಪಾನಿ ಭಾಷೆಗೆ ದಕ್ಕಿದ್ದು ಈ ಕೆಲಸ. ಎಂಎಸ್ಸಿ ಮಾಡಿ ಕಸ ಆರಿಸ್ತೀಯಾ ಎಂದು ಪದ್ಮನಾಭ ಮುಖ ಹುಳ್ಳಗೆ ಮಾಡಿದ್ದ. “ಪೀರಿಯಾಡಿಕ್ ಟೇಬಲ್ಲೇ ಬೆಲ್ಟ್ ಮೇಲೆ ಮೆರವಣಿಗೆ ಬರುತ್ತೆ ರೀ, ಒಂದಿನ ಬಂದು ನೋಡಿ,” ಎಂದಿದ್ದಳು ರತ್ನಾ. ಅವನು ಬರಲಿಲ್ಲ. ಕೊರೋನಾ ಬಂದು ಅವನ ಆಫೀಸು ಅಡುಗೆಮನೆಯ ಮೇಜಿಗೆ ಇಳಿದ ಮೇಲೆ, ಮನೆಯಿಂದ ದಿನಾ ಹೊರಗೆ ಹೋಗುವವಳು ಅವಳೊಬ್ಬಳೇ ಆದಳು.

ಅವಳ ಗುರು ಮೋರಿತಾ ಸಾನ್, ನಮ್ಮಲ್ಲಿ ಮೋರಿತಾ ಅವರು ಎಂದಂತೆ. ವಯಸ್ಸು ಅರವತ್ತಾರು, ಮಾತು ಕಡಿಮೆ. ಮೊದಲ ದಿನ ಅವರು ಅವಳನ್ನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ್ದರು. ಒಳಗೆ ಬಿಚ್ಚಿಟ್ಟ ಒಂದು ಬ್ಯಾಟರಿ: ಬೆರಳಿನಂಥ ಕೊಳವೆ, ಅದರಿಂದ ಹೊರತೆಗೆದ ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ಎರಡೂ ಮೊಳಕ್ಕಿಂತ ಉದ್ದ. ನಡುವೆ ಒಂದು ಪೊರೆ, ಈರುಳ್ಳಿಯ ಒಳಸಿಪ್ಪೆಯೂ ಅದರ ಮುಂದೆ ದಪ್ಪ. ಆ ಪೊರೆ ಇರುವತನಕ ಇದು ದೀಪ, ಹರಿದರೆ ಬೆಂಕಿ ಎಂದಿದ್ದರು ಮೋರಿತಾ ಸಾನ್. ರತ್ನಾ ಅಲ್ಲೇ ನಿಂತುಬಿಟ್ಟಿದ್ದಳು. ಲಿಥಿಯಂ ಎಂಬ ಹೆಸರನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಳೋ. ಮೂರನೆಯ ಮೂಲವಸ್ತು, ಲೋಹಗಳಲ್ಲೆಲ್ಲ ಹಗುರ. ಬರೆದು ಅಳಿಸಿ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮನೆಗೆ ಹೋಗುತ್ತಿದ್ದಳು. ಅದು ಇಷ್ಟು ತೆಳುವಾದ ಗೋಡೆಯ ಹಿಂದೆ ಇಷ್ಟು ತಾಳ್ಮೆಯಿಂದ ಕೂತಿರುತ್ತದೆಂದು ಆಗ ತಿಳಿದಿರಲಿಲ್ಲ.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಏನು ಮಾಡುವ ಮೊದಲೂ ಬೆರಳು ತೋರಿಸಿ, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಬೆಲ್ಟು ನಿಂತಿದೆ, ಯೋಶಿ. ಕೈಗವಸು ಇದೆ, ಯೋಶಿ. ಯೋಶಿ ಎಂದರೆ ಸರಿ. ಕಣ್ಣು ಅವಸರಪಟ್ಟರೂ ಬಾಯಿ ಅವಸರಪಡದಂತೆ ಮಾಡುವ ಉಪಾಯ ಅದು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅವಳು ಮನೆಯಲ್ಲೂ ಗ್ಯಾಸಿನ ಒಲೆಗೆ, ಫೋನಿನ ಚಾರ್ಜರಿಗೆ ಬೆರಳು ತೋರಿಸತೊಡಗಿದಳು. ಪದ್ಮನಾಭ ಅದಕ್ಕೆ ಮಂಗಳಾರತಿ ಎಂದು ಹೆಸರಿಟ್ಟ.

ಆ ಆಗಸ್ಟಿನಲ್ಲಿ ಒಲಿಂಪಿಕ್ಸ್ ಮುಗಿದು ಹತ್ತು ದಿನವಾಗಿತ್ತು. ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ, ಸೋಂಕು ತಗಲಿದವರು ಮನೆಯಲ್ಲೇ ಬಾಗಿಲು ಹಾಕಿಕೊಂಡು ಮಲಗಿದ್ದರು. ರತ್ನಾಳ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದ ಹರಿಹರ, ಚಾಮುಂಡೇಶ್ವರಿ ದಂಪತಿಗೂ ಅದೇ ಗತಿ. ಬೆಂಗಳೂರಿನವರು, ಮದುವೆಯಾಗಿ ಮೂರು ವರ್ಷ. ಇಬ್ಬರಿಗೂ ಜ್ವರ, ಇಬ್ಬರಿಗೂ ವಾಸನೆ ಹೋಗಿತ್ತು. ಕಾಫಿಪುಡಿ ಡಬ್ಬಕ್ಕೆ ಮೂಗಿಟ್ಟರೂ ಏನೂ ಗೊತ್ತಾಗುತ್ತಿಲ್ಲ ಎಂದು ಚಾಮುಂಡೇಶ್ವರಿ ಫೋನಿನಲ್ಲಿ ಅತ್ತಿದ್ದಳು. ಕೆಲಸ ಮುಗಿಸಿ ಬಂದ ರತ್ನಾ ದಿನಾ ಸಂಜೆ ಅವರ ಬಾಗಿಲ ಹಿಡಿಗೆ ಊಟದ ಚೀಲ ತೂಗುಹಾಕಿ, ಬಾಗಿಲಲ್ಲಿದ್ದ ಪತ್ರದ ಕಿಂಡಿ ಎತ್ತಿ ಒಂದು ಕೂಗು ಹಾಕಿ ಹೋಗುತ್ತಿದ್ದಳು.

ಅವತ್ತು ಕಿಂಡಿ ಎತ್ತಿದವಳು ಕೂಗಲಿಲ್ಲ. ಒಳಗಿನಿಂದ ಮಾಸ್ಕನ್ನೂ ದಾಟಿ ಒಂದು ವಾಸನೆ ಬಂತು. ಉಗುರುಬಣ್ಣ ಒರೆಸುವ ದ್ರವದಂಥದ್ದು, ಜೊತೆಗೆ ಒಂದಿಷ್ಟು ಸಿಹಿ. ಊದಿಕೊಂಡ ಬ್ಯಾಟರಿ ಸಣ್ಣಗೆ ಬಾಯಿ ಬಿಟ್ಟಾಗ ಬರುವ ವಾಸನೆ. ಬೆಲ್ಟಿನ ಮೇಲೆ ಅದನ್ನು ಎಷ್ಟೋ ಸಲ ಮೂಸಿದ್ದಳು; ಜನ ಮಲಗಿರುವ ಮನೆಯಿಂದ ಬಂದದ್ದು ಇದೇ ಮೊದಲು.

ಕರೆದಳು. ಹರಿಹರ ಕೆಮ್ಮುತ್ತ ಬಂದು ಬಾಗಿಲ ಆ ಕಡೆ ನಿಂತ. ಇಲ್ಲಿ ಏನು ಚಾರ್ಜ್ ಆಗುತ್ತಿದೆ ಎಂದು ಅವಳು ಕೇಳಿದಳು. ಏನೂ ಇಲ್ಲ, ಫೋನುಗಳೆಲ್ಲ ಒಳಗೆ ರೂಮಿನಲ್ಲಿವೆ ಎಂದ ಅವನು. ಅವನ ದನಿ ಬೇಕೆಂದೇ ತಗ್ಗಿತ್ತು.

“ಹರಿಹರ, ನಿಮ್ಮಿಬ್ಬರಿಗೂ ಈಗ ಮೂಗಿಲ್ಲ. ನನಗಿದೆ,” ಎಂದಳು ರತ್ನಾ. “ಬಾಗಿಲ ಹತ್ರಾನೇ ಇದೆ ಅದು. ಹತ್ತಿಕೊಂಡರೆ ನೀವು ಹೊರಗೆ ಬರೋಕೆ ಇನ್ನೊಂದು ಬಾಗಿಲಿಲ್ಲ. ಎಲ್ಲಿ ಹೇಳಿ.”

ಹರಿಹರ ಬಗ್ಗಿ ಕಿಂಡಿಯ ಹತ್ತಿರ ಬಾಯಿ ತಂದ.

“ಶೂ ಕಪಾಟಲ್ಲಿ,” ಎಂದ. “ಪ್ಲೀಸ್, ಚಾಮು ಮಲಗಿದಾಳೆ. ಅವಳಿಗೆ ಗೊತ್ತಿಲ್ಲ.”

ಬಾಗಿಲಿಗೆ ಅಂಟಿಕೊಂಡೇ ಇರುವ ಆ ಕಪಾಟಿನಲ್ಲಿ ಅವನ ಇ-ಸಿಗರೇಟು ಹತ್ತು ತಿಂಗಳಿಂದ ಇತ್ತು. ಚಪ್ಪಲಿ ಮುಟ್ಟಿದರೆ ಕೈತೊಳೆಯುವ ಹೆಂಡತಿ ಅವನ ಹಳೆಯ ಶೂ ಒಳಗೆ ಎಂದೂ ಕೈ ಹಾಕುವವಳಲ್ಲ. ಅದಕ್ಕಿಂತ ಭದ್ರವಾದ ಜಾಗ ಮನೆಯಲ್ಲಿ ಇರಲಿಲ್ಲ. ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಮ್ಮೆ ಬಿದ್ದು, ಅಂದಿನಿಂದ ಚಾರ್ಜಿಗಿಟ್ಟರೆ ಬಿಸಿಯಾಗುತ್ತಿತ್ತು. ಹೊಟ್ಟೆಯೂ ಕೊಂಚ ಉಬ್ಬಿತ್ತು. ಎಸೆಯೋಣವೆಂದರೆ ಇಲ್ಲಿ ಕಸದ ಚೀಲ ಪಾರದರ್ಶಕ. ಬೆಳಿಗ್ಗೆ ಎಂಟಕ್ಕೆ ಅರ್ಧ ಕಟ್ಟಡದ ಕನ್ನಡಿಗರು ಆ ಚೀಲಗಳ ಪಕ್ಕ ನಿಂತೇ ಮಾತಾಡುವುದು. ಹೀಗಾಗಿ ಇಟ್ಟುಕೊಂಡ. ಅದರ ಸ್ವಂತ ವೈರು ಹಾಳಾದ ಮೇಲೆ ಮೊಬೈಲಿನ ಫಾಸ್ಟ್ ಚಾರ್ಜರು ಸಿಕ್ಕಿಸಿ, ಜ್ವರ ಬಂದಾಗ ಮರೆತು ಮಲಗಿದ್ದ.

ರತ್ನಾ ಬೈಯಲಿಲ್ಲ. ಬಚ್ಚಲ ಹತ್ತಿರದ ಮೇನ್ ಸ್ವಿಚ್ ಆಫ್ ಮಾಡಿ, ಬಾಗಿಲ ಚಿಲಕ ತೆಗೆದು, ಹಿಂದಿರುಗಿ ನೋಡದೆ ಹೋಗಿ ಹೆಂಡತಿಯನ್ನು ಎಬ್ಬಿಸಿ ಬಾಲ್ಕನಿಗೆ ಕರೆದುಕೊಂಡು ಹೋಗಬೇಕು, ನಡುವಿನ ಬಾಗಿಲನ್ನೆಲ್ಲ ಮುಚ್ಚಬೇಕು ಎಂದಳು. ಕಪಾಟು ತೆಗೆಯಬಾರದು. ಬುಸ್ ಎಂದರೆ ಎಲ್ಲವನ್ನೂ ಬಿಟ್ಟು ಓಡಬೇಕು. ಅವನು ವಿದ್ಯಾರ್ಥಿಯಂತೆ ಹೂಂ ಎಂದ.

ಆಮೇಲೆ ಅವಳು ಊಟದ ಸ್ಟೀಲ್ ಪಾತ್ರೆ ತೆಗೆದು, ಸಾರನ್ನವನ್ನು ಊಟದ ಚೀಲಕ್ಕೇ ಸುರಿದು, ಕೆಳಗೆ ಮಕ್ಕಳ ಮರಳುಗುಂಡಿಗೆ ಓಡಿದಳು. ಪಾತ್ರೆ ತುಂಬ ಮರಳು ತುಂಬಿಕೊಂಡು ಮೇಲೆ ಬಂದು ಕಾರಿಡಾರಿನ ತುದಿಯಲ್ಲಿಡುವಷ್ಟರಲ್ಲಿ ಚಿಲಕ ತೆಗೆದಿತ್ತು; ಮನೆ ಕತ್ತಲಾಗಿತ್ತು. ಕೆಲಸದ ದಪ್ಪ ಚರ್ಮದ ಕೈಗವಸು ಹೆಗಲ ಚೀಲದಲ್ಲೇ ಇತ್ತು. ಹಾಕಿಕೊಂಡಳು.

ಕಪಾಟಿನ ಮುಂದೆ ನಿಂತು ಬೆರಳು ತೋರಿಸಿದಳು. ಕರೆಂಟಿಲ್ಲ, ಯೋಶಿ. ಹೊಗೆಯಿಲ್ಲ, ಯೋಶಿ. ಸದ್ದು? ಕಿವಿಗೊಟ್ಟಳು. ಸದ್ದಿಲ್ಲ, ಯೋಶಿ. ಮೂರರಲ್ಲಿ ಒಂದು ತಪ್ಪಿದ್ದರೂ ಬಾಗಿಲೆಳೆದುಕೊಂಡು ಹೊರಗೆ ಹೋಗಿ ಅಗ್ನಿಶಾಮಕದವರನ್ನು ಕರೆಯಬೇಕಿತ್ತು. ಪ್ರಾಣಕ್ಕಿಂತ ಯಂತ್ರ ದೊಡ್ಡದಲ್ಲ ಎನ್ನುತ್ತಿದ್ದರು ಮೋರಿತಾ ಸಾನ್.

ತೆರೆದಳು. ಬ್ಯಾಟರಿಯನ್ನು ಮುಟ್ಟಲಿಲ್ಲ. ವೈರು ಕಳಚಿ, ಶೂವನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದರ ಚರ್ಮ ಕೈಗವಸಿನೊಳಕ್ಕೂ ಬಿಸಿ ತಾಗಿಸುತ್ತಿತ್ತು. ಬೇರೆಯವರ ಚಪ್ಪಲಿಯನ್ನು ಕಾಲಿನಿಂದ ಸರಿಸಲೂ ಅಳುಕುವ ಮನೆಯಲ್ಲಿ ಬೆಳೆದವಳು, ಪರರ ಶೂ ಒಂದನ್ನು ಎಳೆಮಗುವಿನಂತೆ ಹಿಡಿದು, ತೆರೆದ ಕಾರಿಡಾರಿನ ತುದಿಯವರೆಗೆ ಹನ್ನೊಂದು ಹೆಜ್ಜೆ ನಡೆದಳು. ಅನ್ನದ ಪಾತ್ರೆಯ ಮರಳಿನ ಮೇಲೆ ಅದನ್ನು ಬೋರಲು ಹಾಕಿ, ಹಿಂದೆ ಹಿಂದೆ ಸರಿದಳು.

ಆರನೆಯ ಹೆಜ್ಜೆಗೆ ಅದು ಮಾತಾಡಿತು.

ಬಿಳಿ ಹೊಗೆ ಮೊದಲು, ಆಮೇಲೆ ಒಂದು ಸಿಳ್ಳೆ, ಆಮೇಲೆ ಉದ್ದನೆಯ ನೇರವಾದ ಜ್ವಾಲೆ. ಪಾತ್ರೆಯ ಕಂಠ ನೀಲಿಗಟ್ಟಿತು. ಶೂ ಮುರುಟಿಕೊಂಡು ಕರಕಲಾಯಿತು. ಸಂಜೆಯ ಬಿಸಿಲಲ್ಲೂ ಆ ಬೆಳಕಿಗೆ ಗೋಡೆಯ ಮೇಲೆ ಅವಳ ನೆರಳು ಎದ್ದು ನಿಂತಿತು. ಕೇಂದ್ರದಲ್ಲಿ ಎಷ್ಟೋ ಸಲ ಕಂಡದ್ದೇ. ಆದರೂ ಅವಳು ಪ್ರತಿಸಲದಂತೆ ಬಾಯಿ ತೆರೆದು ನಿಂತಳು. ಜೇಬಿಗೆ ಹಾಕಿಕೊಳ್ಳುವ ವಸ್ತು. ತುಟಿಗೆ ಇಟ್ಟುಕೊಳ್ಳುವ ವಸ್ತು. ಎರಡು ಹಾಳೆ, ನಡುವೆ ಒಂದು ಪೊರೆ; ಆ ಪೊರೆಯನ್ನು ನಂಬಿಕೊಂಡು ಈ ಊರಿನಲ್ಲಿ ಎಷ್ಟು ಲಕ್ಷ ಜನ ಈಗ ನಿಶ್ಚಿಂತೆಯಾಗಿ ಕೂತಿರಬಹುದು. ಹೆಚ್ಚುಕಡಿಮೆ ಎಲ್ಲರ ಪಾಲಿಗೂ ಅದು ಹರಿಯದೆ ಇರುತ್ತದಲ್ಲ, ಅದೇ ಹೆಚ್ಚಿನ ಬೆರಗೆನಿಸಿತು ಅವಳಿಗೆ. ಕೈಮುಗಿಯಬೇಕೋ ಬೇಡವೋ ತಿಳಿಯದೆ ಕೈಗವಸಿನ ಬೆರಳುಗಳು ಒಂದನ್ನೊಂದು ಹಿಡಿದುಕೊಂಡವು.

ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆರಿತು. ದೂರದಲ್ಲೇ ನಿಂತು ಅಗ್ನಿಶಾಮಕದವರಿಗೆ ಫೋನ್ ಮಾಡಿ ತನ್ನ ಮುರುಕು ಜಪಾನಿಯಲ್ಲಿ ವಿಳಾಸ ಹೇಳಿದಳು. ಆರಿದ್ದರೂ ಬಂದು ನೋಡುತ್ತೇವೆ ಎಂದರು ಅವರು.

ಆಗ ಬಾಗಿಲಲ್ಲಿ ಗಂಡಹೆಂಡಿರು ಕಾಣಿಸಿಕೊಂಡರು, ಎರಡೆರಡು ಮಾಸ್ಕ್ ಹಾಕಿಕೊಂಡು, ಹೊಸ್ತಿಲು ದಾಟದೆ. ಬಾಲ್ಕನಿಯಲ್ಲಿ ಅವನು ಎಲ್ಲ ಹೇಳಿದ್ದಿರಬೇಕು. ಚಾಮುಂಡೇಶ್ವರಿ ಕಾರಿಡಾರಿನ ತುದಿಯ ಕಪ್ಪು ಮುದ್ದೆಯನ್ನು ನೋಡಿದಳು, ಗಂಡನನ್ನು ನೋಡಿದಳು.

“ಹತ್ತು ತಿಂಗಳು. ನಾನು ದಿನಾ ಅದರ ಪಕ್ಕ ನಿಂತು ರಂಗೋಲಿ ಸ್ಟಿಕ್ಕರ್ ಒರೆಸ್ತಿದ್ದೆ,” ಎಂದಳು. “ಸೇದೋದು ಬಿಡು. ಹೇಳಬಾರದಿತ್ತಾ?”

ಹರಿಹರ ತಲೆ ತಗ್ಗಿಸಿದ. ಅವಳಿಗಲ್ಲ, ರತ್ನಾಳಿಗೆ ಹೇಳುವವನಂತೆ ಶುರುಮಾಡಿದ. ಚೀಪ್ ಮಾಲು ಅಂತ ಗೊತ್ತಿತ್ತು, ಆದರೆ ಒಳ್ಳೆಯ ರಿವ್ಯೂ ಇತ್ತು. ಒಂದೇ ತರಿಸಿದರೆ ಶಿಪ್ಪಿಂಗ್ ದಂಡ, ಅದಕ್ಕೇ ಗೆಳೆಯರು ಸೇರಿ ಮೂರು ತರಿಸಿದ್ದರು.

“ಮೂರು?” ಎಂದಳು ರತ್ನಾ.

“ಗ್ರೂಪ್ ಆರ್ಡರ್. ಒಂದು ನಿಶಿ ಕಸಾಯಿಯಲ್ಲಿ ಉದಯ್ ಹತ್ರ ಇತ್ತು, ಅವನು ಯಾವಾಗ್ಲೋ ಅಂಗಡಿಯ ಬ್ಯಾಟರಿ ಡಬ್ಬಿಗೆ ಹಾಕಿಬಿಟ್ಟ. ಇನ್ನೊಂದು ಇಲ್ಲೇ ಮೇಲೆ, ನಾಲ್ಕನೇ ಫ್ಲೋರ್ ಬಾಲಸುಬ್ರಹ್ಮಣ್ಯ. ಅವನದೂ ಸ್ವಲ್ಪ ಉಬ್ಬಿದೆ ಅಂತಿದ್ದ. ಆದರೆ ಅವನು ಕೇರ್‌ಫುಲ್ ರತ್ನಾ ಅವ್ರೇ, ಮಗಳ ಕೈಗೆ ಸಿಗಬಾರದು ಅಂತ ಹಾಸಿಗೆ ಕೆಳಗೇ ಇಟ್ಟು ಚಾರ್ಜ್...”

ರತ್ನಾ ಕೈಗವಸು ಕಳಚಿರಲಿಲ್ಲ. ಅವನ ಮಾತು ಇನ್ನೂ ನಡೆದೇ ಇತ್ತು, ಚಾಮುಂಡೇಶ್ವರಿ ಹಿಂದಿನಿಂದ ಏನೋ ಕೇಳುತ್ತಿದ್ದಳು. ರತ್ನಾ ಆಗಲೇ ನಾಲ್ಕನೆಯ ಮಹಡಿಯ ಕಡೆಗೆ ಎರಡೆರಡು ಮೆಟ್ಟಿಲು ಹತ್ತುತ್ತಿದ್ದಳು.