ಮಂಗಳವಾರ ಕೊಟ್ಟ ಪಟ್ಟಿ

ನಮ್ಮ ತಾತ ಒಂದು ಹೊಸ ದೇಶಕ್ಕೆ ಲೆಕ್ಕ ಕಲಿಸಿದವರು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಮದರಾಸಿನ ಪುರಸೈವಾಕ್ಕಂನ ನಮ್ಮ ಬೀದಿಯವರೂ ಹಾಗೇ ಹೇಳುತ್ತಾರೆ. ಕಲಿಸಿದ್ದು ನಿಜ. ಆದರೆ ಅಷ್ಟೇ ನಿಜವೇ? ಅಷ್ಟೇ ಅಲ್ಲ ಎಂಬುದು ನನಗೆ ಮೂರು ವರ್ಷದಿಂದ ಗೊತ್ತು. ಗೊತ್ತಿದ್ದೂ ಮಲಾವಿ ದೇಶದ ಒಬ್ಬ ಹೆಂಗಸಿಗೆ ಸುಳ್ಳು ಬರೆದೆ. ಸಾಕ್ಷಿ ನನ್ನ ತೊಡೆಯ ಮೇಲೇ ಇತ್ತು — ಅದನ್ನು ಇಟ್ಟುಕೊಂಡೇ ಅವಳನ್ನು ಸಾಕ್ಷಿ ಎಲ್ಲಿ ಎಂದು ಕೇಳಿದೆ.

ಇದನ್ನು ಓದಿ ನಮ್ಮವರು ಸಿಟ್ಟಾಗುತ್ತಾರೆ. ಆಗಲಿ.

ಮೊದಲು ಮನೆಯ ಕಥೆ. ತಾತ ಮದರಾಸಿನಲ್ಲಿ ಗಣಿತ ಓದಿ, ಒಳ್ಳೆಯ ಕೆಲಸ ಸಿಗದೆ, ಎಪ್ಪತ್ತರ ದಶಕದ ಮೊದಲಲ್ಲಿ ಮೇಷ್ಟ್ರಾಗಿ ಮಲಾವಿಗೆ ಹೋದರು. ಬ್ರಿಟಿಷರು ಬಿಟ್ಟುಹೋಗಿ ಹತ್ತು ವರ್ಷವೂ ಆಗಿರಲಿಲ್ಲ. ಶಾಲೆಗಳಿದ್ದವು, ಮೇಷ್ಟ್ರುಗಳು ಸಾಲದು. ಅಲ್ಲಿನ ಒಂದು ಪ್ರಸಂಗವನ್ನು ಅಜ್ಜಿ ಹೇಳಿದರೆ ಎಲ್ಲರೂ ನಗುತ್ತಾರೆ. ದೇಶಕ್ಕೆಲ್ಲ ಒಂದೇ ಪಕ್ಷ. ಆ ಪಕ್ಷದ ಕಾರ್ಡಿಲ್ಲದವರು ಬಸ್ಸು ಹತ್ತುವಂತಿಲ್ಲ, ಸಂತೆಗೆ ಕಾಲಿಡುವಂತಿಲ್ಲ. ಬಸಿರಿ ಹೆಂಗಸು ಹೊಟ್ಟೆಯಲ್ಲಿರುವ ಕೂಸಿಗೂ ಒಂದು ಕಾರ್ಡು ಕೊಳ್ಳಬೇಕು.

“ಇಂಡಿಯಾದವ್ರಿಗೆ ಬೇಕಿಲ್ಲ ಅಂತ ಯಾರೋ ಅಂದ್ರು. ನಿಮ್ತಾತ ಕೇಳ್ತಾರಾ? ಮೂರು ತಂದ್ರು! ಅವರಿಗೊಂದು, ನನಗೊಂದು, ನನ್ನ ವಯಿರಿಗೊಂದು,” ಎಂದು ಅಜ್ಜಿ ಹೊಟ್ಟೆ ತಟ್ಟಿ ತೋರಿಸುತ್ತಾರೆ. “ನಿಮ್ಮಪ್ಪ ಹುಟ್ಟೋಕ್ ಮುಂಚೇನೇ ಪಾರ್ಟಿ ಮೆಂಬರು!”

ನಾನೂ ನಕ್ಕಿದ್ದೇನೆ. ಹಾಗಾದರೆ ಕಾರ್ಡು ಬೇಡ ಎಂದವರು ಏನಾದರು? ಯಾರೂ ಕೇಳಲಿಲ್ಲ. ಎಲ್ಲದಕ್ಕೂ ಎದುರು ಮಾತಾಡುತ್ತೀಯಾ ಎಂದು ದಿನಾ ಬೈಸಿಕೊಳ್ಳುವ ನಾನೂ ಕೇಳಲಿಲ್ಲ.

ಹುಡುಕಿದರೆ ಉತ್ತರ ಸಿಗುತ್ತದೆ, ಅದೇನೂ ಗುಟ್ಟಲ್ಲ. ಪರಕೀಯರ ಆಳ್ವಿಕೆ ಕೊನೆಗಾಣಿಸಿದ ನಾಯಕನೇ ಬದುಕಿರುವತನಕ ಅಧ್ಯಕ್ಷನಾದ. ಒಂದು ಸಣ್ಣ ಕ್ರೈಸ್ತ ಪಂಗಡದವರು, ಯಾವ ಪಕ್ಷಕ್ಕೂ ಸೇರುವುದನ್ನು ತಮ್ಮ ನಂಬಿಕೆ ಒಪ್ಪುವುದಿಲ್ಲ ಎಂದು ಕಾರ್ಡು ಕೊಳ್ಳಲಿಲ್ಲ. ಪಕ್ಷದ ಯುವಕರು ಅವರನ್ನು ಹೊಡೆದರು, ಮನೆಗಳಿಗೆ ಬೆಂಕಿ ಇಟ್ಟರು, ಕೊಂದರು. ಸಾವಿರಾರು ಜನ ಗಡಿ ದಾಟಿ ಓಡಿದರು. ಇದಕ್ಕೆ ಬ್ರಿಟಿಷರು ಬೇಕಾಗಲಿಲ್ಲ. ಪಟ್ಟಿ ಬರೆದುಕೊಡುವವರು ಬೇಕಿತ್ತು.

ಮೂರು ವರ್ಷದ ಹಿಂದೆ ತಾತನ ಸಹಸ್ರಚಂದ್ರ ದರ್ಶನ ಶಾಂತಿಗೆ ಒಂದು ಕಿರುಹೊತ್ತಿಗೆ ಮಾಡುವ ಕೆಲಸ ನನಗೆ ಬಂತು. ಆಫ್ರಿಕಾದ ಫೋಟೋ ಇದೆಯಾ ಎಂದು ಕೇಳಿದೆ.

“ಲಾಫ್ಟ್ ಮೇಲೆ ಹಸಿರು ಟ್ರಂಕಿದೆ. ನೀನೇ ಹತ್ತಿ ತೆಗಿ ಕಣ್ಣಾ,” ಎಂದರು ತಾತ. “ನಿಮ್ಮಪ್ಪನ್ನ ಕರೀಬೇಡ.”

ಒಂದು ಕ್ಲಾಸಿನ ಫೋಟೋ ಸಿಕ್ಕಿತು. ಅದರ ಕೆಳಗೆ ಒಂದು ಹಾಜರಿ ಪುಸ್ತಕ. ಹುಡುಗರ ಹೆಸರುಗಳು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಶಾಲೆಗೆ ಸೇರುವಾಗ ಬರೆಸಿದ ಚರ್ಚಿನ ಹೆಸರು, ಗಣಿತದ ಅಂಕ. ಏಳು ಹೆಸರುಗಳ ಎದುರಿಗೆ ಮಾತ್ರ ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ — “ಕಾರ್ಡು ಇಲ್ಲ.” ಪುಟದ ಕೆಳಗೆ — “ಪಟ್ಟಿ ಕೊಟ್ಟಾಯಿತು. ಮಂಗಳವಾರ.” ಆ ಮಂಗಳವಾರದ ನಂತರ ಆ ಏಳು ಹೆಸರುಗಳ ಮುಂದಿನ ಚೌಕಗಳು ಖಾಲಿ. ತಾತ ಹೆಸರು ಹೊಡೆದುಹಾಕಿರಲಿಲ್ಲ. ವರ್ಷದ ಕೊನೆಯವರೆಗೂ ಪ್ರತಿ ವಾರ ಗೆರೆ ಎಳೆದು ಅವರಿಗೂ ಚೌಕ ಹಾಕಿದ್ದರು.

ಇದು ಪಶ್ಚಾತ್ತಾಪ ಎಂದು ನಾನು ವಾದಿಸಬಲ್ಲೆ. ಮೂರು ನಿಮಿಷ ಕೊಡಿ, ನಿಮ್ಮನ್ನು ಅಳಿಸಿಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು — ಚೀಟಿ ಎತ್ತಿ, ಯಾವ ಪಕ್ಷ ಬಂತೋ ಆ ಪಕ್ಷಕ್ಕೆ ನಿಂತು ಗೆಲ್ಲುವುದು. ಆದರೆ ಈ ಸಲ ಯಾರೂ ನನಗೆ ಚೀಟಿ ಕೊಟ್ಟಿರಲಿಲ್ಲ. ಪಕ್ಷವನ್ನು ನಾನೇ ಆರಿಸಿಕೊಂಡೆ.

ಏನಾಯಿತೆಂದರೆ, ಫೋಟೋವನ್ನು ಜಾಲತಾಣದಲ್ಲಿ ಹಾಕಿದ್ದೆ, ಶಾಲೆಯ ಊರಿನ ಹೆಸರೂ ಬರೆದಿದ್ದೆ. ಎರಡು ವಾರದಲ್ಲಿ ಅಲ್ಲಿಂದ ಚಿಸೊಮೊ ಎಂಬುವಳ ಪತ್ರ ಬಂತು. ಎರಡನೇ ಸಾಲಿನ ಮೂರನೆಯ ಹುಡುಗ ಅವಳ ಅಪ್ಪ, ಮೋಸೆಸ್. ಒಂದು ಬೆಳಿಗ್ಗೆ ಅವನನ್ನು ಕ್ಲಾಸಿನಿಂದ ಮನೆಗೆ ಕಳಿಸಿದರಂತೆ. ಅದೇ ವಾರ ಮನೆಗೆ ಬೆಂಕಿ ಬಿತ್ತು. ಕುಟುಂಬ ಗಡಿಯತ್ತ ನಡೆಯಿತು. ದಾರಿಯಲ್ಲಿ ಅವನ ತಂಗಿ ತೀರಿಕೊಂಡಳು. ಎಷ್ಟೋ ವರ್ಷದ ಮೇಲೆ ದೇಶದಲ್ಲಿ ಬೇರೆ ಪಕ್ಷಗಳು ಬಂದು, ಚುನಾವಣೆ ನಡೆದು, ಆ ಅಧ್ಯಕ್ಷನೂ ಸೋತ ಮೇಲೆ ಮೋಸೆಸ್ ಊರಿಗೆ ಮರಳಿದ. ನಮ್ಮ ಹೆಸರು ಕೊಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಗೆಳೆಯ ಲೈಫೋರ್ಡ್‌ಗೆ ಬಿಟ್ಟರೆ ಇನ್ಯಾರಿಗೂ ಅವನು ಮನೆಯಲ್ಲಿ ಕಾರ್ಡಿಲ್ಲದ ವಿಷಯ ಹೇಳಿರಲಿಲ್ಲವಂತೆ. ಹಾಗಾಗಿ ಲೈಫೋರ್ಡೇ ಎಂದು ತೀರ್ಮಾನಿಸಿದ. ಒಂದೇ ಊರಿನಲ್ಲಿದ್ದೂ ಸಾಯುವತನಕ ಅವನ ಹತ್ತಿರ ಮಾತಾಡಲಿಲ್ಲ.

“ಅಪ್ಪ ಹೋದ ವರ್ಷ ತೀರಿಕೊಂಡರು. ಲೈಫೋರ್ಡ್ ಇದ್ದಾರೆ. ಶವಸಂಸ್ಕಾರಕ್ಕೆ ಬಂದು ಬೇಲಿಯ ಆಚೆಯೇ ನಿಂತಿದ್ದರು, ನಾವು ಒಳಗೆ ಕರೆಯಲಿಲ್ಲ. ನಿಮ್ಮ ತಾತನಿಗೆ ಆ ದಿನಗಳು ನೆನಪಿವೆಯೇ?” — ಅವಳ ಇಂಗ್ಲಿಷ್ ಪತ್ರ ಮುಗಿದದ್ದು ಹೀಗೆ.

ಪತ್ರ ಓದುವಾಗ ಹಾಜರಿ ಪುಸ್ತಕ ತೊಡೆಯ ಮೇಲಿತ್ತು. ಮೋಸೆಸ್, ಗಣಿತ ತೊಂಬತ್ತೊಂದು, ಕಾರ್ಡು ಇಲ್ಲ. ಬೆರಳಿಟ್ಟು ನೋಡಿದೆ. ತಾತನನ್ನು ಕೇಳಲು ಪಕ್ಕದ ಕೋಣೆಗೆ ಹೋಗಬೇಕಿತ್ತು, ಅಷ್ಟೇ — ಹೋಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಉತ್ತರ ಬರೆದೆ. ತಾತನಿಗೆ ಏನೂ ನೆನಪಿಲ್ಲ ಎಂದೆ. ಐವತ್ತು ವರ್ಷದ ಹಿಂದಿನ ನೆನಪು ಸಾಕ್ಷಿಯಾಗುವುದಿಲ್ಲ ಎಂದೆ. ಯಾವ ದಾಖಲೆಯ ಆಧಾರದ ಮೇಲೆ ಒಬ್ಬ ವೃದ್ಧ ಶಿಕ್ಷಕರ ಮೇಲೆ ಸಂಶಯ ಪಡುತ್ತೀರಿ, ಇದ್ದರೆ ತೋರಿಸಿ, ಎಂದೆ. ಚೆನ್ನಾಗಿ ಬರೆದಿದ್ದೆ. ಕಳಿಸುವ ಮುನ್ನ ಎರಡು ಸಲ ಓದಿ ಒಂದು ವಿಶೇಷಣ ಬದಲಾಯಿಸಿದೆ.

ಅವಳ ಉತ್ತರ ಎರಡೇ ಸಾಲು. “ನಾನು ನಿಮ್ಮ ತಾತನನ್ನು ದೂರಲಿಲ್ಲ. ನೆನಪಿದೆಯೇ ಎಂದು ಕೇಳಿದೆ.”

ಹೌದು, ಅವಳು ದೂರಿರಲಿಲ್ಲ. ದೂರಿದವಳು ನಾನು — ನನಗೆ ಗೊತ್ತಿತ್ತಲ್ಲ.

ಶಾಂತಿಯ ದಿನ ಕಲ್ಯಾಣ ಮಂಟಪದಲ್ಲಿ ಮೈಕ್ ಹಿಡಿದು, ಕತ್ತಲಿದ್ದ ದೇಶಕ್ಕೆ ದೀಪ ಹಚ್ಚಿದವರು ನಮ್ಮ ತಾತ ಎಂದೆ. ಅತ್ತೆಯಂದಿರು ಕಣ್ಣೊರೆಸಿಕೊಂಡರು. ತಾತ ಮಾತ್ರ ತಲೆ ಎತ್ತಲಿಲ್ಲ. ನಾಚಿಕೆ ಸ್ವಭಾವ ಎಂದರು ಎಲ್ಲರೂ.

ಮೂರು ವರ್ಷ ಆ ಪುಸ್ತಕ ನನ್ನ ಕಪಾಟಿನಲ್ಲಿತ್ತು. ಕಳೆದ ತಿಂಗಳು ಮಾಧವರಂನ ಒಂದು ಶಾಲೆಯ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ನಾನೇ ತರಬೇತಿ ಕೊಟ್ಟ ಹುಡುಗಿಯೊಬ್ಬಳು, ತನ್ನ ಅಜ್ಜಿಗೆ ಆದದ್ದನ್ನು ಹೇಳುತ್ತಿದ್ದ ಎದುರಾಳಿಯನ್ನು ತಡೆದು, “ದಾಖಲೆ ಇದೆಯೇ? ಇದ್ದರೆ ತೋರಿಸಿ,” ಎಂದಳು. ಎದುರಿನವಳು ಹೇಳುತ್ತಿದ್ದುದನ್ನು ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟಳು. ಸಭೆ ಚಪ್ಪಾಳೆ ತಟ್ಟಿತು. ಆ ವಾಕ್ಯ ನನ್ನದು, ನಾನೇ ಹೇಳಿಕೊಟ್ಟದ್ದು.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಪುಸ್ತಕ ತೆಗೆದುಕೊಂಡು ಹೋಗಿ, ಆ ಪುಟ ತೆರೆದು ತಾತನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಪುಟ ತಿರುವಲೇ ಇಲ್ಲ, ಬೆರಳು ನೇರ ಆ ಹೆಸರಿಗೆ ಹೋಯಿತು.

“ಮೋಸೆಸ್‌ಗೆ ತೊಂಬತ್ತೊಂದಲ್ಲ. ತೊಂಬತ್ಮೂರು ಆಗ್ಬೇಕಿತ್ತು,” ಎಂದರು. “ಕೊನೇ ಲೆಕ್ಕ ಬೇರೆ ದಾರೀಲಿ ಮಾಡಿದ್ದ. ನಾನು ತಪ್ಪು ಅಂತ ಎರಡು ಮಾರ್ಕ್ ಹೊಡೆದ್ಬಿಟ್ಟೆ. ಆಮೇಲೆ ಕೂತು ನೋಡಿದ್ರೆ ಸರಿಯಾಗೇ ಇತ್ತು. ಹೇಳೋಣ ಅಂದ್ರೆ… ಹುಡುಗ ಬರ್ಲೇ ಇಲ್ಲ.”

ನೆನಪಿಲ್ಲ ಎಂದು ನಾನು ಬರೆದಿದ್ದೆನಲ್ಲ — ಇವರಿಗೆ ಎರಡು ಅಂಕವೂ ನೆನಪಿತ್ತು.

“ಪಟ್ಟಿ ಯಾಕೆ ಕೊಟ್ರಿ ತಾತಾ?”

ಉತ್ತರ ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ಅಪ್ಪ. “ಪೋದುಂ ನಿಲ್ಲಿಸು! ಇದೇನ್ ಮನೇನಾ ಕೋರ್ಟಾ? ಕೊಡ್ದಿದ್ರೆ ರಾತ್ರೋರಾತ್ರಿ ದೇಶ ಬಿಟ್ಟು ಓಡಿಸ್ತಿದ್ರು. ಅಜ್ಜಿ ಬಸುರಿ, ನಾನು ಹೊಟ್ಟೇಲಿ. ಪಾವಂ, ಅವರೇನ್ ಮಾಡ್ಬೇಕಿತ್ತು ಹೇಳು?”

“ಓಡಿಸಿದ್ರೆ ಎಲ್ಲಿಗ್ ಬರ್ತಿದ್ರಿ ಅಪ್ಪಾ? ಇದೇ ಪುರಸೈವಾಕ್ಕಂಗೆ. ಮೋಸೆಸ್ ಎಲ್ಲಿಗೆ ಹೋಗ್ಬೇಕಿತ್ತು?”

“ನಿನ್ನ ಬಾಯಿಗೆ ಯಾರೂ ಉತ್ತರ ಹೇಳಕ್ಕಾಗಲ್ಲ ಬಿಡು.”

ಅಪ್ಪ ಹೇಳಿದ್ದರಲ್ಲಿ ಭಯದ ಮಾತು ನಿಜವಿರಬಹುದು, ಅಲ್ಲಗಳೆಯುವುದಿಲ್ಲ. ಆ ಕಾಲ ಹಾಗಿತ್ತು ಎಂದು ತಾತನ ಪರವಾಗಿ ಹೇಳಲು ಹತ್ತು ಜನ ಇದ್ದಾರೆ. ನನ್ನ ಪರವಾಗಿ ಏನು ಹೇಳುತ್ತೀರಿ? ನನಗೆ ಯಾವ ಸರ್ಕಾರದ ಭಯವೂ ಇರಲಿಲ್ಲ. ಫ್ಯಾನ್ ಕೆಳಗೆ ಕೂತು ಬರೆದೆ. ಅಷ್ಟು ವರ್ಷ ಒಬ್ಬ ನಿರಪರಾಧಿ ಹೊತ್ತದ್ದಕ್ಕೆ ಇನ್ನೂ ಮೂರು ವರ್ಷ ಸೇರಿಸಿದವಳು ನಾನು. ಲೈಫೋರ್ಡ್ ಈಗ ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ಹಾಜರಿ ಪುಸ್ತಕದ ಆ ಪುಟದ ಚಿತ್ರವನ್ನು, ಕನ್ನಡ ಸಾಲುಗಳ ಇಂಗ್ಲಿಷ್ ಅರ್ಥದೊಂದಿಗೆ, ಇವತ್ತು ಬೆಳಿಗ್ಗೆ ಚಿಸೊಮೊಗೆ ಕಳಿಸಿದೆ. ಲೈಫೋರ್ಡ್ ಅಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ. ನನಗೆ ಮೊದಲೇ ಗೊತ್ತಿತ್ತು ಎಂದು ಎರಡನೆಯದರಲ್ಲಿ. ತೊಂಬತ್ಮೂರು ಎಂದು ಕೊನೆಯದರಲ್ಲಿ. ಕ್ಷಮಿಸಿ ಎಂದು ಕೇಳಲಿಲ್ಲ. ಕೇಳಿದರೆ ಅವಳು ಮತ್ತೆ ಏನಾದರೂ ಉತ್ತರ ಕೊಡಬೇಕಾಗುತ್ತದೆ. ಅಲ್ಲಿಗೆ ಮುಗಿಸಿದ್ದರೆ ಇದನ್ನು ಬರೆಯಬೇಕಿರಲಿಲ್ಲ. ಆದರೆ ಮಂಟಪದಲ್ಲಿ ನನಗೆ ಚಪ್ಪಾಳೆ ತಟ್ಟಿದವರ ಭಾಷೆ ಕನ್ನಡ, ಓದಲು ಬಾರದವರಿಗೆ ಬರುವವರು ಓದಿ ಹೇಳುತ್ತಾರೆ. ಅವರಿಗೂ ನಾನು ಸುಳ್ಳು ಹೇಳಿದ್ದೇನೆ.

ಇನ್ನು ಉಳಿದದ್ದು ತಾತನಿಗೆ. ಪಟ್ಟಿ ಯಾಕೆ ಕೊಟ್ಟಿರಿ ಎಂದು ಕೇಳಿದ ದಿನ ನೀವು ಕನ್ನಡಕ ತೆಗೆದು ಮಡಿಸಿಟ್ಟಿರಿ, ಕಾಫಿ ಆರಿತು. ಇರಲಿ, ಅದನ್ನು ಮತ್ತೆ ಕೇಳುವುದಿಲ್ಲ. ಬೇರೆ ಒಂದು ಇದೆ. ನಾನು ತಮಿಳು ಶಾಲೆಗೆ ಹೋಗುತ್ತಿದ್ದಾಗ, ಇವಳಿಗೆ ಕನ್ನಡ ಅಕ್ಷರ ಯಾಕೆ ಎಂದು ಮನೆಯವರೆಲ್ಲ ಅಂದರು. ಅಪ್ಪನಿಗೂ ಕಲಿಸದಿದ್ದವರು ನೀವು, ಹಟ ಹಿಡಿದು ದಿನಾ ಸಂಜೆ ಮೊಟ್ಟೆಮಾಡಿಯ, ಅಂದರೆ ತಾರಸಿಯ, ನೆಲದ ಮೇಲೆ ನನಗೆ ತಿದ್ದಿಸಿದಿರಿ, ಬರೆಯೋಕೆ ಬರದಿದ್ರೂ ಪರವಾಗಿಲ್ಲ, ಓದಕ್ಕೆ ಬಂದ್ರೆ ಸಾಕು ಎಂದಿರಿ. ಅಲ್ಲಿ ಯಾರೂ ಓದಬಾರದೆಂದು ಕನ್ನಡದಲ್ಲಿ ಬರೆದಿಟ್ಟವರು ನೀವು. ಟ್ರಂಕು ನೀನೇ ತೆಗಿ ಎಂದವರೂ ನೀವು.

ಇದಕ್ಕೇ ಕಲಿಸಿದಿರಾ ತಾತಾ?