ಹೊಡೆಯಲು ಮನಸ್ಸು ಬಾರದ ಬೊಂಬೆಗಳು

"ಅಮ್ಮಾ, ದೋನ್ಯಾ ಎಲ್ಪಿದಿಯಾಗೆ ಕೆಟ್ಟವರನ್ನ ಮಾಡೋಕೆ ಬರೋದೇ ಇಲ್ವಾ?"

ನಯೇಲಿ ಇದನ್ನು ಮನೆಯಲ್ಲಿ ಕೇಳಿದ್ದರೆ ಯೆಸೇನಿಯಾ ಏನಾದರೊಂದು ಹೇಳಿ ತೇಲಿಸಿಬಿಡುತ್ತಿದ್ದಳು. ಮಗಳು ಕೇಳಿದ್ದು ಅಂಗಡಿಯ ನಟ್ಟನಡುವೆ ನಿಂತು, ಬೀದಿಯವರೆಲ್ಲ ಗೌರವದಿಂದ ದೋನ್ಯಾ, ಅಂದರೆ ಅಮ್ಮನವರೇ, ಎನ್ನುವ ಎಲ್ಪಿದಿಯಾ ಅವರ ಎದುರಿಗೇ, ಬೆರಳು ಮೇಲೆತ್ತಿ ತೋರಿಸಿ. ಮೇಲೆ ತಂತಿಗೆ ಕಟ್ಟಿದ ಕಾಗದದ ತೊರ್ವಾ ಬೊಂಬೆಗಳು ಸಾಲಾಗಿ ತೂಗುತ್ತಿದ್ದವು. ಕಾರ್ಟೂನಿನ ತೊರ್ವಾ ಅಂದರೆ ತಲೆಗೆ ಕೊಂಬಿರುವವಳು, ಡ್ರ್ಯಾಗನ್ ಬೆನ್ನೇರಿ ಬಂದು ಊರೂರು ಸುಡುವವಳು. ಇಲ್ಲಿ ತೂಗುತ್ತಿದ್ದವರೋ, ಬಿಳಿ ಗೌನು ಹಾಕಿಕೊಂಡು ಚರ್ಚಿಗೆ ಹೊರಟ ಹುಡುಗಿಯರ ಹಾಗೆ ಕಣ್ಣು ತಗ್ಗಿಸಿ ನಿಂತಿದ್ದರು. ಕೊಂಬಿನ ತುದಿಗೆ ಒಂದೊಂದು ಗುಲಾಬಿ ಕುಚ್ಚು ಬೇರೆ.

"ಕೊಂಬು ಇದೆಯಲ್ಲ ಬಂಗಾರ," ಎಂದರು ಎಲ್ಪಿದಿಯಾ, ಮೊಣಕೈಗೆ ಮೆತ್ತಿದ್ದ ಮೈದಾ ಅಂಟನ್ನು ಕೆರೆಯುತ್ತ.

"ಮೇಕೆಗೂ ಇರುತ್ತೆ," ಎಂದಳು ನಯೇಲಿ.

ಯೆಸೇನಿಯಾ ಮಗಳ ಜಡೆಯನ್ನು ಮೆಲ್ಲಗೆ ಎಳೆದಳು. ಆದರೆ ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಲಾಸ್ ಏಂಜಲಿಸ್‌ನ ಬಾಯ್ಲ್ ಹೈಟ್ಸ್‌ನಲ್ಲಿ, ಮೆಕ್ಸಿಕೋದವರೇ ತುಂಬಿದ ಆ ಬೀದಿಯಲ್ಲಿ, ಪಿನ್ಯಾತಾ ಇಲ್ಲದ ಹುಟ್ಟುಹಬ್ಬ ಹುಟ್ಟುಹಬ್ಬವೇ ಅಲ್ಲ. ಬೊಂಬೆಯ ಹೊಟ್ಟೆಗೆ ಮಿಠಾಯಿ ತುಂಬಬೇಕು, ಮರದ ಕೊಂಬೆಗೆ ಹಗ್ಗ ಹಾಯಿಸಿ ತೂಗಬಿಡಬೇಕು, ದೊಡ್ಡವರು ಯಾರಾದರೂ ಹಗ್ಗದ ತುದಿ ಹಿಡಿದು ಅದನ್ನು ಮೇಲೆ ಕೆಳಗೆ ಆಡಿಸಬೇಕು, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಕೋಲು ಕೊಡಬೇಕು. ಹೊಡೆಯುವುದಕ್ಕೆಂದೇ ಮಾಡುವ ಬೊಂಬೆ ಅದು. ಇಡೀ ಬೀದಿಯಲ್ಲಿ ಈ ಮಾತನ್ನು ಒಪ್ಪದವರು ಒಬ್ಬರೇ, ಅದನ್ನು ಮಾಡುವ ಎಲ್ಪಿದಿಯಾ. ಕೊಳ್ಳಲು ಬಂದವರನ್ನು ಹೆಣ್ಣು ಕೇಳಲು ಬಂದವರ ಹಾಗೆ ವಿಚಾರಿಸುತ್ತಾರೆ. ಹೊಡೆಯುವವರು ಯಾರು? ಹುಡುಗರು ಒರಟರಾ? ಮಾವಂದಿರು ಕುಡೀತಾರಾ? ಉತ್ತರ ಮನಸ್ಸಿಗೆ ಬರದಿದ್ದರೆ, "ಇದು ಆಗಲೇ ಬೇರೆಯವರಿಗೆ ಮಾತಾಗಿದೆ ತಾಯಿ," ಎಂದು ಕಳಿಸಿಬಿಡುತ್ತಾರೆ. ಅಷ್ಟೆಲ್ಲ ಪರೀಕ್ಷೆ ಗೆದ್ದು ಮನೆಗೆ ತಂದರೆ ಬೊಂಬೆ ಒಡೆಯುವುದಿಲ್ಲ. ಎಲ್ಲರೂ ಎರಡು ಪದರ ಕಾಗದ ಅಂಟಿಸಿದರೆ ಇವರು "ಪಾಪ, ನೋವಾಗುತ್ತೆ" ಎಂದು ಆರು ಪದರ ಅಂಟಿಸುತ್ತಾರೆ.

ಕಳೆದ ವರ್ಷ ನಯೇಲಿಯ ಹುಟ್ಟುಹಬ್ಬಕ್ಕೆ ಅವರು ಜಿಂಕೆ ಮಾಡಿಕೊಟ್ಟಿದ್ದರು. ಮಕ್ಕಳೆಲ್ಲ ಹೊಡೆದು ಸುಸ್ತಾದರು. ಕೋಲು ಮುರಿಯಿತು. ಚಿಕ್ಕಪ್ಪ ಚುಯ್ ಅಂಗಿ ಬಿಚ್ಚಿ ಬೇಸ್‌ಬಾಲ್ ಬ್ಯಾಟು ಬೀಸಿ ಭುಜ ಉಳುಕಿಸಿಕೊಂಡ. ಕೊನೆಗೆ ಮಾನ ಉಳಿಸಿಕೊಳ್ಳಲು ತನ್ನ ಪಿಕಪ್ ಗಾಡಿಯನ್ನೇ ಜಿಂಕೆಯ ಮೇಲೆ ಹತ್ತಿಸಿದ. ಒಳಗಿದ್ದ ಕಡಲೆಕಾಯಿ ಮಿಠಾಯಿ ಹಿಟ್ಟಾಯಿತು, ಜಿಂಕೆಯ ಮುಗುಳ್ನಗೆ ಮಾತ್ರ ಹಾಗೇ ಇತ್ತು. ಮಿಠಾಯಿ ಹೋಯಿತೆಂದು ಅರ್ಧ ಮಕ್ಕಳು ಅತ್ತರು, ಜಿಂಕೆ ಹೋಯಿತೆಂದು ಉಳಿದರ್ಧ. ಆ ಜಿಂಕೆಯ ತಲೆ ಇವತ್ತಿಗೂ ನಯೇಲಿಯ ದಿಂಬಿನ ಪಕ್ಕದಲ್ಲೇ ಮಲಗುತ್ತದೆ.

ಈ ವರ್ಷ ಅವಳಿಗೆ 'ಬೂದಿಬೆಟ್ಟದ ಹುಡುಗಿಯರು' ಕಾರ್ಟೂನಿನ ಇಬ್ಬರೂ ಬೇಕು, ಅಲೀರಾ ಮತ್ತು ತೊರ್ವಾ. ಇಬ್ಬರ ಊರೂ ಒಂದೇ ಬೆಂಕಿಯಲ್ಲಿ ಸುಟ್ಟುಹೋದದ್ದು. ಇಬ್ಬರನ್ನೂ ಸಾಕಿದ್ದು ಕುಲುಮೆಯ ಅಜ್ಜಿ ಒಬ್ಬಳೇ. ಅಲೀರಾ ಹಾಡಿ ಬೆಂಕಿ ಆರಿಸುವ ರಾಣಿಯಾದಳು, ತೊರ್ವಾ ಬೆಂಕಿ ಹಚ್ಚುವವಳಾದಳು.

"ಒಂದೇ ಅಜ್ಜಿ, ಒಂದೇ ಗಂಜಿ," ನಯೇಲಿ ಸ್ನಾನದ ತೊಟ್ಟಿಯಲ್ಲಿ ಕೂತು ತರ್ಕ ಮಾಡಿದ್ದಳು. "ಆದ್ರೂ ಒಬ್ಬಳು ಹಾಗೆ, ಒಬ್ಬಳು ಹೀಗೆ. ಯಾಕಮ್ಮಾ?"

"ಮೊದಲು ಕಿವಿ ಹಿಂದೆ ತೊಳ್ಕೋ," ಎಂದಿದ್ದಳು ಯೆಸೇನಿಯಾ. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಉದಾಹರಣೆ ಬೇಕಿದ್ದರೆ ಮಾತ್ರ ದೂರ ಹೋಗಬೇಕಿರಲಿಲ್ಲ. ಎಲ್ಪಿದಿಯಾ ಅಂಗಡಿಯ ಎದುರು ಸಾಲಿನಲ್ಲಿ ಅವರ ತಂಗಿ ಒತಿಲಿಯಾ ಅವರ ಪಿನ್ಯಾತಾ ಅಂಗಡಿ ಇತ್ತು. ಮೆಕ್ಸಿಕೋದ ಸಾನ್ ಲೂಯಿಸ್ ಪೊತೋಸಿಯಲ್ಲಿ ಅಪ್ಪ ದೋನ್ ಫಿದೆನ್ಸಿಯೋ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಒಂದೇ ಬಟ್ಟಲಿನ ಅಂಟಿನಲ್ಲಿ ಕೆಲಸ ಕಲಿಸಿದ್ದರು. ಅಕ್ಕನ ಅಂಗಡಿಯಲ್ಲಿ ಉಸಿರು ಬಿಟ್ಟರೂ ಕೇಳುತ್ತದೆ. ತಂಗಿಯ ಅಂಗಡಿಯಲ್ಲಿ ಅಕಾರ್ಡಿಯನ್ ಹಾಡಿನ ಅಬ್ಬರಕ್ಕೆ ಬೀದಿಯ ನಾಯಿಗಳೂ ದಾರಿ ಬದಲಿಸುತ್ತವೆ. ಒತಿಲಿಯಾ ಮಾಡಿದ ತೊರ್ವಾ ಬಾಗಿಲಲ್ಲಿ ತೂಗುವ ದಿನ ಅಂಚೆಯವನು ಕಾಗದಗಳನ್ನು ಹೊಸ್ತಿಲಿಗೆ ಎಸೆದು ಹೋಗುತ್ತಾನೆ. ಆದರೆ ಅವರ ಅಲೀರಾಳೂ ಬಾಡಿಗೆ ವಸೂಲಿಗೆ ಬಂದವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡಿರುತ್ತಾಳೆ.

ಅಕ್ಕತಂಗಿಯರು ಮಾತು ಬಿಟ್ಟು ಹತ್ತು ವರ್ಷ. ಜಗಳ ಅಪ್ಪನ ಕೊನೆಯ ಪಿನ್ಯಾತಾದ್ದು. ಆ ಏಳು ಕೊಂಬಿನ ನಕ್ಷತ್ರ ಈಗಲೂ ಎಲ್ಪಿದಿಯಾ ಅಂಗಡಿಯ ಮಾಡಿನಲ್ಲಿ ತೂಗುತ್ತಿದೆ. ಅಪ್ಪನ ವರ್ಷಾಂತಿಕಕ್ಕೆ ಅದನ್ನು ಮಕ್ಕಳ ಕೈಲಿ ಒಡೆಸೋಣ ಎಂದರು ಒತಿಲಿಯಾ. ನನ್ನ ಜೀವ ಇರುವ ತನಕ ಆಗದು ಎಂದರು ಎಲ್ಪಿದಿಯಾ. ಅಂದಿನಿಂದ ನವೆಂಬರಿನಲ್ಲಿ ಸತ್ತವರ ದಿನ ಬಂದಾಗ ಇಬ್ಬರೂ ಬೇರೆ ಬೇರೆಯಾಗಿ ಅಪ್ಪನ ಪಟಕ್ಕೆ ಚೆಂಡುಹೂ ಇಟ್ಟು, ಬೇರೆ ಬೇರೆಯಾಗಿ ಅಳುತ್ತಾರೆ. ಆದರೂ ದಿನಾ ಬೆಳಿಗ್ಗೆ ತಂಗಿಯ ಬಾಗಿಲು ತೆರೆಯುವ ತನಕ ಎಲ್ಪಿದಿಯಾ ತಮ್ಮ ಅಂಗಡಿಯೊಳಗೆ ಕಾಲಿಡುವುದಿಲ್ಲ. ಮೆಟ್ಟಿಲು ಗುಡಿಸುತ್ತಲೇ ಇರುತ್ತಾರೆ. ಆ ಮೆಟ್ಟಿಲಿನಷ್ಟು ಸ್ವಚ್ಛವಾದ ಮೆಟ್ಟಿಲು ಲಾಸ್ ಏಂಜಲಿಸ್‌ನಲ್ಲಿ ಇನ್ನೊಂದಿಲ್ಲ.

ಯೆಸೇನಿಯಾಳ ಪೇಚಾಟ ಇಷ್ಟು. ಜಿಂಕೆಯ ಕತೆ ಮತ್ತೆ ಆಗಬಾರದು. ಹಾಗೆಂದು ಎಲ್ಪಿದಿಯಾರನ್ನು ನೋಯಿಸುವುದೂ ಅವಳಿಂದಾಗದು. ನಯೇಲಿ ಕೂಸಾಗಿದ್ದಾಗ ಹೊಟ್ಟೆನೋವಿಗೆ ಕಿರುಚಿದರೆ, ತೋಳ ಮೇಲೆ ಬೋರಲು ಹಾಕಿಕೊಂಡು ಅಂಗಡಿ ತುಂಬ ತಿರುಗಿಸಿ ಮಲಗಿಸುತ್ತಿದ್ದವರು ಅವರು. ಕೊನೆಗೆ ಅಲೀರಾಳನ್ನು ಮಾಡಿಕೊಡಲು ಅವರಿಗೇ ಹೇಳಿ, ತೊರ್ವಾಗಾಗಿ ಒತಿಲಿಯಾ ಅಂಗಡಿಯ ಹಿಂಬಾಗಿಲಿಗೆ ಹೋದಳು.

"ಹಿತ್ತಿಲಿಂದ ಬಂದ್ಯೇನೇ?" ಒತಿಲಿಯಾ ಹಾಡನ್ನು ತಗ್ಗಿಸದೆ ಕೂಗಿದರು. "ಬಾ ಬಾ. ಅರ್ಧ ಬೀದಿ ಹಿತ್ತಿಲಿಂದಲೇ ಬರೋದು. ಮುಂಬಾಗಿಲು ಬರೀ ಶೋಕಿಗೆ."

"ಹಾಗೇನಿಲ್ಲ ದೋನ್ಯಾ, ದಾರಿ ಹತ್ತಿರ ಅಂತ..."

"ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ! ಆ ಕಡೆಯವಳ ಹತ್ರ ಏನು ಮಾಡಿಸ್ತಿದ್ದೀಯ?"

"ಅಲೀರಾ."

"ಚುಯ್‌ಗೆ ಹೇಳು, ಗಾಡಿಗೆ ಪೆಟ್ರೋಲ್ ತುಂಬಿಸಿಡಲಿ." ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಕತ್ತರಿ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿ ಕೇಳಿದರು, "ಆ ನಕ್ಷತ್ರ ಹಾಗೇ ಇದೆಯಾ?"

"ಇದೆ."

"ಏಳು ಕೊಂಬು ಅಂದ್ರೆ ಏಳು ಪಾಪ. ಹೊಡೆದು ಒಡೀಲಿ ಅಂತ ನಮ್ಮಪ್ಪ ಮಾಡಿದ್ದು, ಮೋಂಬತ್ತಿ ಹಚ್ಚಿ ಕೈಮುಗೀಲಿ ಅಂತಲ್ಲ. ಒಡೀದೆ ಇಟ್ಕೊಂಡಿದ್ದಾಳಲ್ಲ, ಅದಕ್ಕೇ ಏಳೂ ಪಾಪ ಈ ಬೀದೀಲೇ ಓಡಾಡ್ಕೊಂಡಿವೆ." ಹೀಗೆಂದು ಹಾಡನ್ನು ಇನ್ನಷ್ಟು ಜೋರು ಮಾಡಿದರು.

ಶುಕ್ರವಾರ ಯೆಸೇನಿಯಾ ತೊರ್ವಾಳನ್ನು ಬಟ್ಟೆ ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಹಾಸಿಗೆ ಬಟ್ಟೆ ಹೊದಿಸಿ, ಒಗೆಯಲು ಹೋಗಿ ಬಂದವಳ ಹಾಗೆ ಮನೆಗೆ ಹೊತ್ತು ತಂದಳು. ಪಕ್ಕದಲ್ಲಿ ನಯೇಲಿ ಗುಟ್ಟು ತಡೆಯಲಾರದೆ ಕುಪ್ಪಳಿಸುತ್ತಿದ್ದಳು. ಗೇಟಿನ ಬಳಿ ಎಲ್ಪಿದಿಯಾ ನಿಂತಿದ್ದರು. ಅಲೀರಾಳನ್ನು ತಾವೇ ಹೊತ್ತು ತಂದಿದ್ದರು, ಮದುಮಗಳನ್ನು ಗಂಡನ ಮನೆಗೆ ಬಿಡಲು ಬಂದವರ ಹಾಗೆ ಕಣ್ಣಂಚು ಒದ್ದೆ ಮಾಡಿಕೊಂಡು.

"ಬಟ್ಟೆ ಒಗೆದ್ಯಾ ಮಗಳೇ?"

"ಹೂಂ ದೋನ್ಯಾ."

"ಬಟ್ಟೆಗೆ ಕೊಂಬು ಬಂದಿದೆ."

ಯೆಸೇನಿಯಾಳ ಮುಖ ಕೆಂಪೇರಿತು. ಅವಳು ಬಾಯಿ ತೆರೆಯುವ ಮೊದಲೇ ನಯೇಲಿ ಹೊದಿಕೆ ಸರಿಸಿದಳು. ತೊರ್ವಾ ಕಣ್ಣು ಕೆಕ್ಕರಿಸಿದಳು. ಎಲ್ಪಿದಿಯಾ ಅಲೀರಾಳನ್ನು ಪಕ್ಕಕ್ಕಿಟ್ಟು, ತಂಗಿಯ ಬೊಂಬೆಯನ್ನು ಎತ್ತಿ, ತಿರುಗಿಸಿ, ಹೊಟ್ಟೆ ತಟ್ಟಿ ನೋಡಿದರು. ಯೆಸೇನಿಯಾ ಬೈಗುಳಕ್ಕೆ ಕಾದಳು.

"ಎರಡೇ ಪದರ," ಎಂದರು ಎಲ್ಪಿದಿಯಾ. ಮತ್ತೆ ಮುಖ ನೋಡಿದರು. "ಈ ಹುಬ್ಬು ಅಪ್ಪಂದು. ನಾನು ಅಂಟು ಚೆಲ್ಲಿದಾಗ ಹೀಗೇ ನೋಡೋರು."

"ಅಮ್ಮಾ, ಇಬ್ಬರಿಗೂ ಒಂದೇ ಮೂಗು!" ನಯೇಲಿ ಎರಡು ಬೊಂಬೆಗಳ ನಡುವೆ ತಲೆ ತೂರಿಸಿದ್ದಳು.

ಹೌದು. ಒಂದೇ ಮಡಿಕೆಯ ರಟ್ಟು, ಒಂದೇ ರೀತಿ ಎಡಕ್ಕೆ ತುಸು ಸೊಟ್ಟ. ಮೂಗು ಮಡಿಸುವುದನ್ನು ಅಪ್ಪ ಇಬ್ಬರಿಗೂ ಹಾಗೇ ಕಲಿಸಿದ್ದರು. ಯೆಸೇನಿಯಾ ನೋಡಿದಳು, ಎಲ್ಪಿದಿಯಾ ಅವರ ಮೂಗೂ ಎಡಕ್ಕೆ ತುಸು ಸೊಟ್ಟಗೇ ಇತ್ತು.

"ನಿಮ್ಮ ತೊರ್ವಾ ಯಾಕೆ ಒಳ್ಳೆಯವಳ ಥರ ಇರ್ತಾಳೆ?" ನಯೇಲಿ ಮತ್ತೆ ಹಳೆಯ ಪ್ರಶ್ನೆಗೆ ಬಂದಳು.

"ಪಾಪ, ಮಗು. ಅವಳೂ ಅದೇ ಅಜ್ಜಿ ಕೈಲಿ ಬೆಳೆದೋಳಲ್ವಾ? ಬರೀ ಹಟಮಾರಿ, ಕೆಟ್ಟವಳಲ್ಲ."

"ಅಲೀರಾನೂ ಹಟಮಾರೀನೇ," ಎಂದಳು ನಯೇಲಿ. "ಅವಳು ನಗ್ತಾ ನಗ್ತಾ ಹಟ ಮಾಡ್ತಾಳೆ, ಅಷ್ಟೇ. ಅದಕ್ಕೇ ಯಾರಿಗೂ ಗೊತ್ತಾಗಲ್ಲ."

ಎಲ್ಪಿದಿಯಾ ತೊರ್ವಾಳನ್ನು ಮೆಲ್ಲಗೆ ಬುಟ್ಟಿಯಲ್ಲಿ ಮಲಗಿಸಿದರು. ಒಳಗೆ ಬನ್ನಿ, ದಾಸವಾಳದ ಪಾನಕ ಮಾಡಿದ್ದೇನೆ ಎಂದು ಯೆಸೇನಿಯಾ ಕರೆದರೂ ಬರಲಿಲ್ಲ. ಸೆರಗಿಲ್ಲದ ಹೆಂಗಸು ಕಣ್ಣೊರೆಸಲು ಏನು ಮಾಡಬೇಕೋ ಅದನ್ನು ಮಾಡಿದರು, ಅಂಟು ಮೆತ್ತಿದ ಏಪ್ರನ್ ಎತ್ತಿ ಮುಖ ಒರೆಸಿಕೊಂಡು ಹೊರಟರು. ಹುಬ್ಬಿಗೆ ಒಂದು ಚೂರು ನೀಲಿ ಕಾಗದ ಅಂಟಿಕೊಂಡಿತು.

ಹುಟ್ಟುಹಬ್ಬದ ದಿನ, ಶನಿವಾರ ಬೆಳಿಗ್ಗೆ, ಎಲ್ಪಿದಿಯಾ ಹೇಳಿಕಳಿಸಿದರು. ಯೆಸೇನಿಯಾ ಪೊಸೋಲೆ ಸಾರಿನ ಉರಿ ತಗ್ಗಿಸಿ, ಒದ್ದೆ ಕೈಯಲ್ಲೇ ಓಡಿದಳು. ಅಂಗಡಿಯ ನಡುವೆ ಏಣಿ ನಿಂತಿತ್ತು. ಮೇಜಿನ ಮೇಲೆ ಏಳು ಕೊಂಬಿನ ನಕ್ಷತ್ರ, ಧೂಳು ಒರೆಸಿ, ಕುಚ್ಚುಗಳನ್ನು ಬಾಚಿ ಇಟ್ಟಿತ್ತು. ಮೊದಲು ಯೆಸೇನಿಯಾಗೆ ಹೊಳೆದದ್ದು ತಾಯಂದಿರಿಗೆ ಹೊಳೆಯುವ ಮಾತೇ.

"ದೋನ್ಯಾ, ಒಳಗಿನ ಮಿಠಾಯಿ..."

"ತೆಗೆದೆ ಕಣೇ. ಇಟ್ಟಿಗೆ ಆಗಿತ್ತು. ಹೊಸ ಹುಣಸೆ ಮಿಠಾಯಿ ತುಂಬಿದ್ದೀನಿ. ಇವತ್ತು ಇದನ್ನೂ ಕಟ್ಟು."

"ಒಡೆಯೋಕಾ?"

"ಮತ್ತೆ ಪೂಜೆಗಾ?" ಎಂದರು ಎಲ್ಪಿದಿಯಾ, ಥೇಟ್ ತಂಗಿಯ ದನಿಯಲ್ಲಿ. ಅಂದಮೇಲೆ ತಾವೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡರು. ಯೆಸೇನಿಯಾ ನಗು ತಡೆಯಲು ಏಣಿಯ ಕಡೆ ನೋಡಿದಳು.

ಎಲ್ಪಿದಿಯಾ ಮೂಲೆಯಿಂದ ಹಗ್ಗದ ಸುರುಳಿ ತಂದು ನಕ್ಷತ್ರದ ಮೇಲಿಟ್ಟರು. ಅಪ್ಪನ ಹಗ್ಗ.

"ಅಪ್ಪ ಸಂತೆಗೆ ಹೋದ್ರೆ ಹಗ್ಗ ಹಿಡಿಯೋಕೆ ನಾವಿಬ್ರೇ. ಕೋಲು ಬಂತು ಅಂದ್ರೆ ನಾನು ಬೊಂಬೇನ ಮೇಲಕ್ಕೆ ಎಳೆದುಬಿಡ್ತಿದ್ದೆ. ಪಾಪ ಮಕ್ಕಳು ಅಂತ ಅವಳು ಕೆಳಗೆ ಬಿಡ್ತಿದ್ದಳು. ನಾನೊಬ್ಬಳೇ ಹಿಡಿದ್ರೆ ಇವತ್ತೂ ಒಂದು ಮಗೂಗೂ ಮಿಠಾಯಿ ಸಿಗಲ್ಲ, ನಂಗೊತ್ತು." ಅವರು ಕಿಟಕಿಯಾಚೆ ನೋಡಿದರು. ಎದುರು ಅಂಗಡಿಯ ಬಾಗಿಲು ಆಗಲೇ ತೆರೆದಿತ್ತು, ಅಕಾರ್ಡಿಯನ್ ಶುರುವಾಗಿತ್ತು. "ಎಳೆಯೋಕೆ ನಾನಿದ್ದೀನಿ. ಬಿಡೋರು ಒಬ್ಬರು ಬೇಕು. ನನಗೊಂದು ಉಪಕಾರ ಮಾಡ್ತೀಯಾ ಮಗಳೇ? ಹೋಗಿ ಅವಳನ್ನ ಕರಿ. ಮುಂಬಾಗಿಲಿಂದಲೇ ಹೋಗು. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ."